ಕಲಬುರಗಿಯಲ್ಲಿ ಪಕ್ಕದ ಪಾಳುಮನೆಯ ಬಗ್ಗೆ ದೂರು ಕೊಡುವ ಕ್ರಮ

ಕಲಬುರಗಿಯ ಹಳೆಯ ಓಣಿಗಳಲ್ಲಿ ಬೀಗ ಬಿದ್ದ ಮಾಳಿಗೆ ಮನೆಗಳಿಗೆ ಕೊರತೆಯಿಲ್ಲ. ವಾರಸುದಾರರು ಹೈದರಾಬಾದಿನಲ್ಲೋ ಪುಣೆಯಲ್ಲೋ ನೆಲೆಸಿರುತ್ತಾರೆ, ಇಲ್ಲವೇ ಪಾಲಿನ ತಕರಾರು ಕೋರ್ಟಿನಲ್ಲಿರುತ್ತದೆ. ಆದರೆ ಬೀಗ ಹಾಕಿದ ಮಾತ್ರಕ್ಕೆ ಮಾಲೀಕರ ಹೊಣೆ ತಪ್ಪುವುದಿಲ್ಲ. ಬೀಳುವ ಸ್ಥಿತಿಗೆ ಬಂದ ಕಟ್ಟಡವನ್ನು ದುರಸ್ತಿ ಮಾಡಿಸಲು ಅಥವಾ ಕೆಡವಲು ನೋಟಿಸ್ ಕೊಡುವ ಅಧಿಕಾರ, 1976ರ ಕರ್ನಾಟಕ ನಗರಪಾಲಿಕೆಗಳ ಕಾಯ್ದೆಯ ಪ್ರಕಾರ, ಮಹಾನಗರ ಪಾಲಿಕೆಯ ಆಯುಕ್ತರಿಗಿದೆ. ಮಾಲೀಕರು ಕಿವಿಗೊಡದಿದ್ದರೆ ಪಾಲಿಕೆಯೇ ಕೆಲಸ ಮಾಡಿಸಿ, ಖರ್ಚನ್ನು ಅವರಿಂದ ವಸೂಲು ಮಾಡಬಹುದು.

ದೂರು ಬರೆಯುವ ಮೊದಲು ಮನೆಯನ್ನು ಬೀದಿಯಲ್ಲೇ ನಿಂತು ಸರಿಯಾಗಿ ನೋಡಬೇಕು. ನಮ್ಮ ಕಡೆಯ ಹಳೆಯ ಗೋಡೆಗಳು ಬಹುಪಾಲು ಕಲ್ಲು ಮತ್ತು ಕೆಸರಿನವು. ಮೇಲೆ ತೊಲೆ, ಜಂತಿಗಳ ಮೇಲೆ ದಪ್ಪ ಮಣ್ಣಿನ ಹಾಸು ಇರುತ್ತದೆ. ಮನೆಯಲ್ಲಿ ಜನರಿದ್ದಾಗ ಪ್ರತಿ ಬೇಸಿಗೆಯಲ್ಲಿ ಮಾಳಿಗೆಗೆ ಮಣ್ಣು ಹಾಕಿಸುತ್ತಾರೆ, ಗಿಡ ಕೀಳಿಸುತ್ತಾರೆ. ಆ ಆರೈಕೆ ನಿಂತರೆ ಮಳೆನೀರು ಒಳಗಿಳಿದು ಜಂತಿ ಕೊಳೆಯುತ್ತದೆ, ಕಲ್ಲುಗಳ ನಡುವಿನ ಕೆಸರು ತೊಳೆದು ಹೋಗುತ್ತದೆ, ಗೋಡೆ ಹೊಟ್ಟೆ ಬಿಡುತ್ತದೆ. ಗೋಡೆಯ ಉಬ್ಬು, ಮೇಲಕ್ಕೆ ಹೋದಂತೆ ಅಗಲವಾಗುವ ಬಿರುಕು, ಜರುಗಿದ ಕಲ್ಲು ಇವುಗಳ ಫೋಟೋವನ್ನು ಒಂದೇ ಜಾಗದಿಂದ ಆಗಾಗ ತೆಗೆದಿಟ್ಟರೆ, ಅಪಾಯ ಹೆಚ್ಚುತ್ತಿರುವುದು ಎಂಜಿನಿಯರರಿಗೆ ತಾನೇ ಕಾಣುತ್ತದೆ.

ಪಾಲಿಕೆ ಆಯುಕ್ತರಿಗೆ ಕೊಡುವ ಅರ್ಜಿಯಲ್ಲಿ ಮಾಲೀಕರ ನಡತೆಯನ್ನಲ್ಲ, ಕಟ್ಟಡದ ಸ್ಥಿತಿಯನ್ನು ಬರೆಯಬೇಕು. ನನ್ನ ದೃಷ್ಟಿಯಲ್ಲಿ ಬಹಳಷ್ಟು ದೂರುಗಳು ಸೋಲುವುದು ಇಲ್ಲಿಯೇ. ‘ಮನೆ ಪಾಳುಬಿದ್ದಿದೆ, ಕ್ರಮ ಕೈಗೊಳ್ಳಿ’ ಎಂದರೆ ಕಡತ ಮುಂದೆ ಸಾಗುವುದಿಲ್ಲ. ‘ರಸ್ತೆಯ ಕಡೆಯ ಗೋಡೆ ಹೊರಕ್ಕೆ ಬಾಗಿದೆ, ಅದರ ಬುಡದಲ್ಲೇ ಶಾಲೆಯ ಮಕ್ಕಳು ಓಡಾಡುತ್ತಾರೆ’ ಎಂದು ಬರೆದರೆ ಸ್ಥಳ ಪರಿಶೀಲನೆ ಮಾಡದೆ ಉತ್ತರ ಕೊಡುವುದು ಕಷ್ಟ. ವಾರ್ಡ್ ಸಂಖ್ಯೆ, ಗುರುತಿನ ಜಾಗ, ಗೊತ್ತಿದ್ದರೆ ಆಸ್ತಿ ಸಂಖ್ಯೆ ನಮೂದಿಸಿ. ಕಸ, ಹಾವು, ನಿಂತ ನೀರು, ಜಾಲಿ ಕಂಟಿಯ ತೊಂದರೆಗೆ ಆರೋಗ್ಯ ಶಾಖೆಗೆ ಬೇರೆಯೇ ಅರ್ಜಿ ಕೊಡುವುದು ಒಳ್ಳೆಯದು, ಏಕೆಂದರೆ ಎರಡನ್ನೂ ಒಂದರಲ್ಲೇ ಬರೆದರೆ ಕಸ ತೆಗೆಸಿ ದೂರು ಮುಗಿಯಿತೆಂದು ದಾಖಲಿಸುವ ಸಂಭವವಿದೆ. ಎರಡಕ್ಕೂ ದಿನಾಂಕ, ಮೊಹರು ಇರುವ ಸ್ವೀಕೃತಿ ಪಡೆಯದೆ ಹಿಂತಿರುಗಬೇಡಿ.

ಉತ್ತರ ಬಾರದಿದ್ದರೆ 1902ಕ್ಕೆ ಕರೆ ಮಾಡಿ ರಾಜ್ಯ ಸರ್ಕಾರದ ಕುಂದುಕೊರತೆ ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ದಾಖಲಿಸಬಹುದು. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಪರಿಶೀಲನಾ ವರದಿಯ ಪ್ರತಿ ಕೇಳಿದರೆ 30 ದಿನಗಳೊಳಗೆ ಉತ್ತರ ಬರಬೇಕು. ಗೋಡೆ ಬಿದ್ದು ಜನರಿಗೆ ಗಾಯವಾಗುವ ಭಯವಿದ್ದರೆ ಅಷ್ಟು ಕಾಯಬೇಕಿಲ್ಲ: ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಉಪವಿಭಾಗದ ದಂಡಾಧಿಕಾರಿಗಳಾದ ಕಂದಾಯ ಇಲಾಖೆಯ ಸಹಾಯಕ ಆಯುಕ್ತರಿಗೆ ನೇರವಾಗಿ ಅರ್ಜಿ ಸಲ್ಲಿಸಬಹುದು.

ಕೋಟೆಯ ಸುತ್ತಮುತ್ತಲಿನವರು ಇನ್ನೊಂದು ವಿಷಯ ಗಮನಿಸಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ದುರಸ್ತಿಗೂ ಅನುಮತಿ ಬೇಕು. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಕಟ್ಟಲೂ ಅನುಮತಿ ಬೇಕು. ಮನೆ ಕೆಡವಿ ಆಮೇಲೆ ಕಟ್ಟಿದರಾಯಿತು ಎಂದುಕೊಂಡ ಮಾಲೀಕರು ಇಲ್ಲಿ ಸಿಕ್ಕಿಬೀಳುತ್ತಾರೆ.

ಆ ಮನೆಗೂ ನಿಮ್ಮ ಮನೆಗೂ ಒಂದೇ ಗೋಡೆಯಿದ್ದರೆ, ಕೆಡವುವಾಗ ಅದಕ್ಕೆ ಆಸರೆ ಕೊಡಬೇಕೆಂದು ಅರ್ಜಿಯಲ್ಲೇ ಕೋರಿ, ನಿಮ್ಮ ಬದಿಯ ಗೋಡೆಯ ಫೋಟೋಗಳನ್ನು ಕೆಲಸ ಶುರುವಾಗುವ ಮೊದಲೇ ತೆಗೆದಿಟ್ಟುಕೊಳ್ಳಿ.