ತತ್ತಿ, ತೊಗರಿ, ಕಾಲು: ನಾನು ಒಗಟು ಕಟ್ಟುವ ಬಗೆ

ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ. ಉತ್ತರ ಎಲ್ಲರಿಗೂ ಗೊತ್ತು. ಆದರೆ ಇದರ ಪೂರ್ತಿ ರುಚಿ ಸಿಗುವುದು ಕಲಬುರಗಿ ಕಡೆಯ ಮಾತಿನಲ್ಲೇ. ನಾವು ಮೊಟ್ಟೆ ಅನ್ನುವುದಿಲ್ಲ, ತತ್ತಿ ಅನ್ನುತ್ತೇವೆ. ಸುತ್ತ, ಮುತ್ತ, ಎತ್ತ, ತತ್ತಿ: ಪ್ರಾಸ ಉತ್ತರದ ತನಕ ಹರಿದು ಬರುತ್ತದೆ. ಅದಕ್ಕೇ ಒಗಟು ಕಟ್ಟುವಾಗ ಉತ್ತರದ ಪದವನ್ನು ಮೊದಲು ಆಡುಮಾತಿನಲ್ಲಿ ಬರೆದುಕೊಂಡು, ಅದರ ಒತ್ತಕ್ಷರ ಹಿಡಿದು ಸಾಲು ಹುಡುಕುತ್ತೇನೆ.

ಆಮೇಲೆ ನೋಡಬೇಕಾದದ್ದು, ಬೇರೆ ಉತ್ತರ ಕೂರುತ್ತದೆಯೇ ಎಂದು. ಹೆಚ್ಚಿನ ಒಗಟುಗಳು ಕೆಡುವುದು ಇಲ್ಲೇ. ತೊಗರಿಗೆ ಮೊದಲು ಕಟ್ಟಿದ್ದು, "ಅಂಗಿ ಕಳದ್ರ ಒಬ್ಬ ಇಬ್ಬರಾಗ್ತಾನ." ಸಿಪ್ಪೆ ಹೋದರೆ ಎರಡು ಬೇಳೆ, ಸರಿ. ಆದರೆ ಕಡಲೆ, ಹೆಸರು, ಉದ್ದು ಎಲ್ಲವೂ ಹಾಗೇ. ತೊಗರಿಯ ರಾಶಿ ಮುಗಿದ ಮೇಲೆ ಅದರ ಕಟ್ಟಿಗೆ ಒಲೆಗೆ ಬರುತ್ತದೆ, ಕಡಲೆ ಗಿಡಕ್ಕೆ ಅಂಥ ಕಟ್ಟಿಗೆ ಇಲ್ಲ. ಹಾಗಾಗಿ ತಿದ್ದಿದೆ: "ತಾಯಿ ಒಲಿಯೊಳಗ ಉರೀತಾಳ, ಮಗಳು ಒಲಿ ಮ್ಯಾಲ ಕುದೀತಾಳ." ಇದಕ್ಕೆ ಪುಂಡಿಪಲ್ಯ ಎಂಬ ಹುಳಿ ಸೊಪ್ಪೂ ಹೊಂದಿಬಿಡುತ್ತದೆ, ಪುಂಡಿ ಕಟ್ಟಿಗೆಯೂ ಉರಿಯುವಂಥದ್ದೇ. "ಮಗಳು ಎರಡಾಗಿ ಕುದೀತಾಳ" ಅಂದಾಗ ತೊಗರಿಬೇಳೆ ಒಂದೇ ಉಳಿಯಿತು. ಒಂದೇ ಪದ ಸೇರಿದ್ದು, ಆದರೆ ಒಗಟಿನ ಜೀವವೇ ಅದು.

ಎರಡರ್ಥದ ಪದಗಳಲ್ಲಿ ನನಗೆ ತೀರ ಇಷ್ಟವಾದದ್ದು ಕಾಲು. "ನಾಕು ಕೂಡಿದ್ರ ಒಂದಾಗ್ತದ, ಆದ್ರ ನಡಿಯಂಗಿಲ್ಲ" ಎಂದರೆ ಹೊರಸು, ಅಂದರೆ ಮಂಚ, ಎನ್ನುತ್ತಾರೆ. ಅದು ತಪ್ಪಲ್ಲ, ನಾಲ್ಕು ಕಾಲು ಸೇರಿಯೇ ಒಂದು ಹೊರಸು. "ಎರಡು ಕೂಡಿದ್ರ ಅರ್ಧ" ಎಂದು ಮುಂದೆ ಸೇರಿಸಿದರೆ ಹೊರಸು ಬಿದ್ದುಹೋಗುತ್ತದೆ. ಆದರೂ ನಮ್ಮ ಮಕ್ಕಳಿಗೆ ಇದು ತಡವಾಗಿ ಹೊಳೆಯುತ್ತದೆ, ಬಜಾರದಲ್ಲಿ ಅವರು ಕೇಳುವುದು ಕಾಲು ಕಿಲೋ ಅಲ್ಲ, ಪಾವ ಕಿಲೋ. ಆಗ ಮುಕ್ಕಾಲು ಎಂಬ ಪದವನ್ನು ಸುಳಿವಾಗಿ ಕೊಡುತ್ತೇನೆ. ಒಗಟನ್ನು ಎರಡು ಸಲ ನಿಧಾನ ಹೇಳಿ ಸುಮ್ಮನಿರಬೇಕು. ಸುಳಿವು ಬೇಗ ಕೊಟ್ಟರೆ ಯೋಚಿಸುವುದನ್ನೇ ಬಿಡುತ್ತಾರೆ.

ಅಕ್ಷರದ ಒಗಟಿಗೆ ಎಣಿಕೆಯ ನಿಯಮ ಮೊದಲೇ ಹೇಳಿಬಿಡಬೇಕು: ಕಾಗುಣಿತ ಸೇರಿ ಒಂದು ಅಕ್ಷರ, ಒತ್ತು ಸೇರಿಯೂ ಒಂದೇ. ಅಕ್ಕ ಎಂದರೆ ಎರಡು. ಮೂರಕ್ಷರದ ಪದ, ನಡುವಿನದು ತೆಗೆದರೆ ಮನುಷ್ಯ, ಕೊನೆಯದು ತೆಗೆದರೆ ಒಡವೆ: ನಗರ. ತಿರುಗಿಸಿ ಓದಿದರೂ ಅದೇ ಊರು: ಗದಗ. ಬೀದರ್ ಎಂದು ಅರ್ಧಾಕ್ಷರದಲ್ಲಿ ಮುಗಿಯುವ ಹೆಸರನ್ನು ಇಂಥ ಒಗಟಿಗೆ ತರುವುದಿಲ್ಲ. ಎರಡೋ ಮೂರೋ ಎಂಬ ಜಗಳಕ್ಕೇ ಆಟ ನಿಲ್ಲುತ್ತದೆ.

ಯಾದಗಿರಿಗೆ ಆ ತೊಂದರೆಯಿಲ್ಲ. "ನಾಕಕ್ಷರದ ಊರು. ಕಡೀ ಎರಡು ಗುಡ್ಡ, ಎರಡನೇದು ನಾಕನೇದು ಕೂಡಿದ್ರ ಕಣಿವೆ." ಗಿರಿ, ದರಿ. ದರಿ ಎಂಬ ಪದ ಗೊತ್ತಿಲ್ಲದವರಿಗೂ ಗುಡ್ಡದ ಮೇಲಿನ ಕೋಟೆ ನೆನಪಾಗಿ ಊರು ಸಿಗುತ್ತದೆ.