ಜ್ವರಕ್ಕಿಂತ ಮುಂಚೆ ಚಾರ್ಟ್ ಹೇಳಿತ್ತು

ನಾನು ಐಸಿಯು ನರ್ಸ್. ವೆಂಟಿಲೇಟರ್ ಹಾಕಿ 48 ಗಂಟೆ ಕಳೆದ ಮೇಲೆ ಶುರುವಾಗುವ ನ್ಯುಮೋನಿಯಾಕ್ಕೆ ನಮ್ಮಲ್ಲಿ ವಿಎಪಿ (ವೆಂಟಿಲೇಟರ್ ಅಸೋಸಿಯೇಟೆಡ್ ನ್ಯುಮೋನಿಯಾ) ಅನ್ನುತ್ತೇವೆ. ಮೊದಮೊದಲು ನಾನು ಕಾಯುತ್ತಿದ್ದದ್ದು ಮೂರಕ್ಕೇ: ಜ್ವರ, ಬಿಳಿ ರಕ್ತಕಣದ ಏರಿಕೆ, ಎಕ್ಸ್‌ರೇಯಲ್ಲಿ ಹೊಸ ಬಿಳಿ ಮಚ್ಚೆ. ಈ ಮೂರೂ ಕಾಣುವ ಹೊತ್ತಿಗೆ ತಡವಾಗಿರುತ್ತಿತ್ತು.

ಕಣ್ಣು ತೆರೆಸಿದ್ದು ಒಬ್ಬ ರೋಗಿಯ ಐದನೇ ದಿನ. ಬೆಳಗಿನ ಡ್ಯೂಟಿಯಲ್ಲಿ ಮೆಷಿನ್ ಕೊಡುವ ಗಾಳಿಯಲ್ಲಿ ಆಕ್ಸಿಜನ್ ಶೇ. 40 ಇತ್ತು. ಮಧ್ಯಾಹ್ನ 45, ರಾತ್ರಿ 50. ಮರುದಿನ 60, ಜೊತೆಗೆ ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಮೆಷಿನ್ ಉಳಿಸುವ ಒತ್ತಡ) 5ರಿಂದ 8ಕ್ಕೆ. ಏರಿಸಿದ ಪ್ರತಿಯೊಬ್ಬರಿಗೂ ‘ಸ್ವಲ್ಪ ತಾನೇ’ ಅನ್ನಿಸಿತ್ತು. ಅವರಲ್ಲಿ ನಾನೂ ಒಬ್ಬಳು. ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 96 ಇದೆಯಲ್ಲ ಅಂತ ಸುಮ್ನೆ ಇದ್ದೆವು. 96 ಉಳಿಸಿಕೊಳ್ಳಲು ಮೆಷಿನ್ ಎಷ್ಟು ಜಾಸ್ತಿ ಕೊಡಬೇಕಾಯಿತು ಅಂತ ಯಾರೂ ನೋಡಿರಲಿಲ್ಲ.

ಆಮೇಲೆ ಮೂರು ದಿನದ ಆಕ್ಸಿಜನ್ ಮತ್ತು ಪೀಪ್ ಅನ್ನು ಒಂದೇ ಸಾಲಿನಲ್ಲಿ ಬರೆಯತೊಡಗಿದೆ. ಅದರ ಕೆಳಗೆ ಸಕ್ಷನ್, ಅಂದರೆ ಉಸಿರಾಟದ ಟ್ಯೂಬಿನಿಂದ ಕಫ ಎಳೆದು ತೆಗೆಯುವುದು, ಎಷ್ಟು ಸಲ ಅಂತ. ಕಫ ಎಷ್ಟಿದೆ ಅನ್ನುವುದಕ್ಕೆ ‘ಎರಡು ಪ್ಲಸ್’ ಅಂತ ಅಂದಾಜಿನಲ್ಲಿ ಬರೆಯುವುದನ್ನು ಬಿಟ್ಟೆ. ನನ್ನ ಎರಡು ಪ್ಲಸ್ ಇನ್ನೊಬ್ಬರಿಗೆ ಒಂದು ಪ್ಲಸ್, ಅಲ್ವಾ? ಬದಲಿಗೆ ಬಣ್ಣ ಬರೆಯುತ್ತೇನೆ. ಸಕ್ಷನ್ ಆದ ಮೇಲೆ ಕಫ ಎಳೆಯುವ ನಳಿಕೆಯಾದ ಕ್ಯಾತಿಟರ್‌ಗೆ ನೀರು ಎಳೆದಾಗ ಕಫ ಜಾರಿ ಹೋಯಿತೋ, ಒಳಗೋಡೆಗೆ ಅಂಟಿಕೊಂಡೇ ಉಳಿಯಿತೋ ಅದನ್ನೂ ಬರೆಯುತ್ತೇನೆ. ನೆನ್ನೆ ತೆಳುವಾಗಿ ಬಿಳಿ ಇದ್ದದ್ದು ಇವತ್ತು ಹಳದಿಯಾಗಿ ಅಂಟುತ್ತಿದ್ದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಬೇಸ್ತು ಬಿದ್ದದ್ದೂ ಇದೆ. ಒಮ್ಮೆ ಆಕ್ಸಿಜನ್ ಏರಿತೆಂದು ಸೋಂಕು ಸೋಂಕು ಅಂತ ಗಾಬರಿಪಟ್ಟೆ. ದಪ್ಪ ಕಫದ ಗಡ್ಡೆಯೊಂದು ಸಕ್ಷನ್‌ನಲ್ಲಿ ಬಂದದ್ದೇ ತಡ, ಮೆಷಿನ್ ಹಳೆಯ ಸೆಟ್ಟಿಂಗಿಗೆ ಇಳಿಯಿತು. ಶ್ವಾಸಕೋಶದಲ್ಲಿ ನೀರು ತುಂಬಿದರೂ ಹೀಗೇ ಏರಬಹುದು. ಹಾಗಾಗಿ ಈಗ ಡಾಕ್ಟರನ್ನು ಕರೆಯುವಾಗಲೇ ಟ್ಯೂಬ್ ಜಾರಿಲ್ಲವೇ, ಟ್ಯೂಬಿನ ಸುತ್ತ ಗಾಳಿ ತುಂಬುವ ಬಲೂನಿನ (ಕಫ್, cuff) ಒತ್ತಡ 20ರಿಂದ 30 ಸೆಂ.ಮೀ. ನೀರಿನ ಮಟ್ಟದಲ್ಲಿದೆಯೇ ಅಂತ ನೋಡಿಕೊಂಡು, ಸಕ್ಷನ್ ಮಾಡಿ, ಹಿಂದಿನ ದಿನದ ಅಂಕಿಯನ್ನೂ ಜೊತೆಗೆ ಹೇಳುತ್ತೇನೆ.

ಕಲ್ಚರ್, ಅಂದರೆ ಕಫದ ಸ್ಯಾಂಪಲ್ಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ಲ್ಯಾಬಿನಲ್ಲಿ ನೋಡುವ ಪರೀಕ್ಷೆ, ಅದರ ಬಗ್ಗೆ ಒಂದು ಮಾತು. ಸ್ಯಾಂಪಲ್ ಹೊಸ ಆಂಟಿಬಯೋಟಿಕ್‌ಗಿಂತ ಮೊದಲು ಹೋಗಬೇಕು. ಆದರೆ ಟ್ಯೂಬಿನಲ್ಲಿ ಕೆಲವೇ ದಿನಕ್ಕೆ ಬ್ಯಾಕ್ಟೀರಿಯಾ ಮನೆ ಮಾಡಿಕೊಳ್ಳುತ್ತದೆ, ಸೋಂಕಿಲ್ಲದಿದ್ದರೂ ಕಲ್ಚರ್ ಬೆಳೆಯಬಹುದು. ಅದಕ್ಕೇ ರಿಪೋರ್ಟ್ ಒಂದನ್ನೇ ಹಿಡಿದು ಔಷಧಿ ಶುರು ಮಾಡಲಾಗದು.

ಇತ್ತೀಚೆಗೆ ಇನ್ನೊಬ್ಬ ರೋಗಿ, ನಾಲ್ಕನೇ ದಿನ. ನಾಲ್ಕು ಗಂಟೆಗೊಮ್ಮೆ ಇದ್ದ ಸಕ್ಷನ್ ಗಂಟೆಗೊಮ್ಮೆಯಾಗಿತ್ತು, ಆಕ್ಸಿಜನ್ 40ರಿಂದ 50. ಜ್ವರವಿಲ್ಲ, ಎಕ್ಸ್‌ರೇ ನೆನ್ನೆಯಂತೆಯೇ. ಸಾಲು ತೋರಿಸಿದೆ. ಡಾಕ್ಟರ್ ಎರಡು ನಿಮಿಷ ನೋಡಿ, ‘ಸ್ಯಾಂಪಲ್ ಈಗಲೇ ಕಳಿಸಿ ಸಿಸ್ಟರ್’ ಅಂದರು. ಜ್ವರ ಕಾಣಿಸಿದ್ದು ಅಂದು ರಾತ್ರಿ.