ಮುಖ ಬೆಳ್ಳಗೆ, ಎದೆ ಕಂದು: ಶುಭ ಶುಕ್ರವಾರದ ನಾಟಕಕ್ಕೆ ನಾನು ಪಾತ್ರ ಹಂಚಿದ್ದು

ಆ ವರ್ಷ ಚಾಟಿ ಏಟಿನ ದೃಶ್ಯ ನಡೆಯುತ್ತಿತ್ತು. ಸೈನಿಕರ ಪಾತ್ರದ ಇಬ್ಬರು ಯೇಸುವಿನ ಮೇಲಂಗಿ ಎಳೆದು ಹಾಕಿದರು. ಮುಂದಿನ ಸಾಲಿನಲ್ಲಿ ಅಜ್ಜಿಯ ತೊಡೆ ಮೇಲೆ ಕೂತಿದ್ದ ಮಗುವೊಂದು ಎಲ್ಲರಿಗೂ ಕೇಳಿಸುವ ಹಾಗೆ ಕೇಳಿತು: “ಅಜ್ಜಿ, ಯೇಸಪ್ಪನ ಮುಖ ಮಾತ್ರ ಯಾಕೆ ಬೆಳ್ಳಗಿದೆ?”

ಅಜ್ಜಿ ಮಗುವಿನ ಬಾಯಿ ಮುಚ್ಚಿದರು. ನಾನು ಸೈಡ್ ವಿಂಗ್‌ನಲ್ಲಿ ತಲೆ ತಗ್ಗಿಸಿ ನಿಂತೆ. ಹುಡುಗನ ಮುಖಕ್ಕೆ ಅವನ ಬಣ್ಣಕ್ಕಿಂತ ಎರಡು ಶೇಡ್ ತಿಳಿಯಾದ ಪ್ಯಾನ್‌ಕೇಕ್ ಮೇಕಪ್ಪು ಹಚ್ಚಿದವನು ನಾನೇ. ಕತ್ತಿನ ತನಕ ಹಚ್ಚಿದ್ದೆ. ಅಲ್ಲಿಗೆ ಡಬ್ಬಿ ಖಾಲಿಯಾಗಿತ್ತು. ಹ್ಯಾಲೋಜನ್ ಬೆಳಕಿನಲ್ಲಿ ಗುಲಾಬಿ ಮುಖ, ಕೆಳಗೆ ನಮ್ಮ ಬಿಸಿಲು ಕಂಡ ಎದೆ. ಬೇರೆ ಯಾರದ್ದೋ ತಲೆ ತಂದು ಕೂರಿಸಿದ ಹಾಗಿತ್ತು.

ಬೆಂಗಳೂರಿನ ಒಂದು ಧರ್ಮಕೇಂದ್ರದಲ್ಲಿ ನಾನು ಹಲವು ವರ್ಷಗಳಿಂದ ಶುಭ ಶುಕ್ರವಾರದ, ಅಂದರೆ ಯೇಸು ಶಿಲುಬೆಯ ಮೇಲೆ ಸತ್ತ ದಿನದ ನಾಟಕ ಮಾಡಿಸುತ್ತಿದ್ದೇನೆ. ಹೊಟ್ಟೆಪಾಡಿಗೆ ಶಾಲೆಯಲ್ಲಿ ಮೇಷ್ಟ್ರು. ನಾಟಕ ಅಂದರೆ ದೊಡ್ಡದೇನಲ್ಲ. ಚರ್ಚಿನ ಅಂಗಳ, ಹಲಗೆ ಜೋಡಿಸಿದ ವೇದಿಕೆ, ಎರಡು ಗಂಟೆಯ ಆಟ, ಸುಮಾರು 40 ಪಾತ್ರಗಳು. ಆಟೋ ಓಡಿಸುವವರು, ನರ್ಸುಗಳು, ಐಟಿ ಹುಡುಗರು, ಕಾಲೇಜು ಮಕ್ಕಳು. ವೃತ್ತಿ ನಟರು ಒಬ್ಬರೂ ಇಲ್ಲ.

ಪಾತ್ರ ಹಂಚುವುದು ಆಗೆಲ್ಲ ಐದು ನಿಮಿಷದ ಕೆಲಸ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ ಸಂಜೆ ಪೂಜೆ ಮುಗಿದ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸುತ್ತಿದ್ದೆ. ಎತ್ತರ, ಬಿಳುಪು, ಚೂಪು ಮೂಗು ಇದ್ದವನು ಯೇಸು. ಅವನ ನಂತರದ ಬಿಳಿ ಹುಡುಗ ಶಿಷ್ಯ ಯೊವಾನ್ನ. ಬೆಳ್ಳಗಿರುವ ಹುಡುಗಿ ಯೇಸುವಿನ ತಾಯಿ ಮರಿಯಮ್ಮ. ಗಟ್ಟಿ ಮೈಯ ಕಪ್ಪು ಹುಡುಗರೆಲ್ಲ ಸೈನಿಕರು. ಎಲ್ಲರಿಗಿಂತ ಕಪ್ಪಗಿರುವವನು ಮೂವತ್ತು ಬೆಳ್ಳಿ ನಾಣ್ಯಕ್ಕೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ, ಇಲ್ಲಾಂದ್ರೆ ದರೋಡೆಕೋರ ಬರಬ್ಬ. ಇದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಾಲಿನಲ್ಲಿ ನಿಂತ ಹುಡುಗರಿಗೇ ಗೊತ್ತಿರುತ್ತಿತ್ತು. ಗಾರೆ ಕೆಲಸ ಮಾಡುವ ಒಬ್ಬ ಹುಡುಗ ಸತತ ನಾಲ್ಕು ವರ್ಷ ಯೂದನಾಗಿದ್ದ. ಐದನೇ ವರ್ಷ, “ಸರ್, ಈ ಸಲ ಮೂವತ್ತು ಬೆಳ್ಳಿ ನಾಣ್ಯ ಮನೆಯಿಂದಲೇ ತಂದುಬಿಡ್ಲಾ?” ಅಂತ ನಗುತ್ತಾ ಕೇಳಿದ. ನಾನೂ ನಕ್ಕೆ. ಈಗ ನೆನೆದರೆ ನಗು ಬರುವುದಿಲ್ಲ.

ಆ ಮಗುವಿನ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ನಾನು ಯಾವ ಮುಖವನ್ನು ಹುಡುಕುತ್ತಿದ್ದೆ? ನಮ್ಮಮ್ಮ ದೇವರ ಗೂಡಿನಲ್ಲಿ ಇಟ್ಟಿದ್ದ ಕ್ಯಾಲೆಂಡರಿನ ಮುಖವನ್ನು. ತಿಳಿಗಂದು ಕೂದಲು, ಮೆದು ಗಡ್ಡ, ಮೇಲೆ ನೋಡುವ ಕಣ್ಣು. ಅದರ ಮೂಲ ಕೆದಕಿದರೆ ಸಿಕ್ಕಿದ್ದು ಅಮೆರಿಕದ ವಾರ್ನರ್ ಸಾಲ್ಮನ್ ಎಂಬ ಕಲಾವಿದ 1940ರಲ್ಲಿ ಬರೆದ ಚಿತ್ರ. ಕೋಟಿಗಟ್ಟಲೆ ಅಚ್ಚಾಗಿ ಪ್ರಪಂಚದ ಮೂಲೆ ಮೂಲೆಗೆ ಹೋದ ಚಿತ್ರ ಅದು. ಅದರ ಪಕ್ಕದಲ್ಲಿ ಇನ್ನೊಂದು ಫೋಟೋ ಇತ್ತು. ಅದರಲ್ಲಿ ಇದ್ದದ್ದು ರಾಬರ್ಟ್ ಪೊವೆಲ್ ಎಂಬ ಬ್ರಿಟಿಷ್ ನಟ, 1977ರ ಟಿವಿ ಸರಣಿಯಲ್ಲಿ ಯೇಸುವಾಗಿದ್ದವರು. ನೀಲಿ ಕಣ್ಣು. ಎಷ್ಟೋ ವರ್ಷ ನಾವು ಒಬ್ಬ ನಟನ ಮುಂದೆ ಮೇಣದಬತ್ತಿ ಹಚ್ಚಿದ್ದೇವೆ. ಅಮ್ಮನಿಗೆ ಇದನ್ನು ಹೇಳಲು ಇವತ್ತಿಗೂ ಧೈರ್ಯವಿಲ್ಲ.

ಯೇಸುವಿನ ಕಥೆ ಹೇಳುವ ಬೈಬಲಿನ ಸುವಾರ್ತೆಗಳು ಅವನ ಮೈಬಣ್ಣದ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಎತ್ತರ, ಕಣ್ಣು, ಮೂಗು ಯಾವುದೂ ಇಲ್ಲ. ಗೊತ್ತಿರುವುದು ಇಷ್ಟೇ: ಗಲಿಲೇಯದ ನಜರೇತಿನ ಯೆಹೂದಿ, ಮರಗೆಲಸದವನು. ಬಿಸಿಲಿನ ನಾಡು, ನಡೆದೇ ಊರೂರು ಸುತ್ತಿದವನು. 2001ರಲ್ಲಿ ರಿಚರ್ಡ್ ನೀವ್ ಎಂಬ ತಜ್ಞರು ಬಿಬಿಸಿಗಾಗಿ ಆ ಕಾಲದ ಆ ಸೀಮೆಯ ಒಬ್ಬ ಗಂಡಸಿನ ತಲೆಬುರುಡೆಯಿಂದ ಮುಖ ಕಟ್ಟಿ ತೋರಿಸಿದರು. ಅಗಲ ಮುಖ, ದಪ್ಪ ಮೂಗು, ಕಂದು ಬಣ್ಣ, ಗಿಡ್ಡ ಗುಂಗುರು ಕೂದಲು. ಅದು ಯೇಸುವಿನ ಮುಖ ಅಂತ ಅವರೂ ಹೇಳಲಿಲ್ಲ. ಅವನ ಅಕ್ಕಪಕ್ಕದ ಮನೆಯವರು ಹೀಗಿದ್ದಿರಬಹುದು, ಅಷ್ಟೇ. ಆ ಫೋಟೋ ನೋಡಿದಾಗ ನನಗೆ ನಮ್ಮ ಅಂಗಳದ ಸೈನಿಕರ ಸಾಲು ನೆನಪಾಯಿತು!

ಆದರೆ ನನ್ನ ಕೆಲಸವನ್ನು ನಿಜವಾಗಿ ಬದಲಿಸಿದ್ದು ಆ ಬುರುಡೆಯಲ್ಲ, ಒಂದು ಮುತ್ತು. ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವನ್ನು ಹಿಡಿಯುವ ದೃಶ್ಯವನ್ನು ಎಷ್ಟು ಸಲ ಮಾಡಿಸಿದ್ದೇನೋ ಲೆಕ್ಕವಿಲ್ಲ. ಯೂದ ಸೈನಿಕರಿಗೆ ಮೊದಲೇ ಹೇಳಿರುತ್ತಾನೆ: ನಾನು ಯಾರಿಗೆ ಮುತ್ತಿಡುತ್ತೇನೋ ಅವನೇ, ಹಿಡಿಯಿರಿ. ಒಂದು ರಾತ್ರಿ ಸ್ಕ್ರಿಪ್ಟ್ ತಿದ್ದುವಾಗ ಥಟ್ಟನೆ ಹೊಳೆಯಿತು. ಅಲ್ಲ, ನಮ್ಮ ವೇದಿಕೆಯಲ್ಲಿ ಯೂದನಿಗೆ ಏನು ಕೆಲಸ? ಹನ್ನೊಂದು ಜನ ಕಂದು ಹುಡುಗರ ನಡುವೆ ಒಬ್ಬನೇ ಬೆಳ್ಳಗೆ, ಬಿಳಿ ನಿಲುವಂಗಿ, ಕೆಂಪು ಶಾಲು, ಮೇಲೆ ಸ್ಪಾಟ್‌ಲೈಟ್ ಬೇರೆ. ಕುರುಡನೂ ಹಿಡಿದುಕೊಡುತ್ತಾನೆ. ಸುವಾರ್ತೆಯಲ್ಲಿ ಆ ಮುತ್ತು ಬೇಕಾಗಿದ್ದೇ ಯೇಸು ಉಳಿದವರ ಹಾಗೇ ಕಾಣುತ್ತಿದ್ದ ಅಂತ. ನಮ್ಮ ಮೇಕಪ್ಪು ಕಥೆಯ ಒಂದು ತಿರುವನ್ನೇ ಸಾಯಿಸಿತ್ತು.

ಅಲ್ಲಿಂದ ನಾನು ಕೇಳುವ ಪ್ರಶ್ನೆ ಬದಲಾಯಿತು. ಯೇಸುವಿನ ಹಾಗೆ ಯಾರಿದ್ದಾರೆ ಅಂತ ಹುಡುಕುವುದು ಬಿಟ್ಟೆ. ಯೇಸು, ಯೂದ, ಪೇತ್ರ, ಮರಿಯಮ್ಮ, ಮಹಾಯಾಜಕ ಕಾಯಫ, ಇವರೆಲ್ಲ ಒಂದೇ ಜನ. ವೇದಿಕೆ ಮೇಲೂ ಒಂದೇ ಜನ ಅನ್ನಿಸಬೇಕು.

ಕಾಯಫನ ವಿಷಯದಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ನೋಸ್ ಪುಟ್ಟಿ ಇಟ್ಟು ಅವನಿಗೆ ಗಿಣಿ ಮೂಗು ಮಾಡುತ್ತಿದ್ದೆ. ಹುಬ್ಬು ದಪ್ಪ, ಕಣ್ಣ ಕೆಳಗೆ ಕಪ್ಪು. ಖಳನಾಯಕ ಅಲ್ವಾ, ಜನಕ್ಕೆ ಗೊತ್ತಾಗಲಿ ಅಂತ. ಆ ಮೂಗು ಎಲ್ಲಿಂದ ಬಂತು ಅಂತ ನನಗೆ ತಿಳಿದದ್ದು ಜರ್ಮನಿಯ ಒಬೆರಾಮ್ಮೆರ್‌ಗೌ ಹಳ್ಳಿಯ ಬಗ್ಗೆ ಓದುವಾಗ. ಪ್ಲೇಗಿನಿಂದ ಉಳಿದರೆ ಯೇಸುವಿನ ಯಾತನೆಯ ನಾಟಕ ಆಡುತ್ತೇವೆ ಅಂತ 1633ರಲ್ಲಿ ಹರಕೆ ಹೊತ್ತ ಊರು ಅದು. 1634ರಿಂದ ಆಡುತ್ತಿದ್ದಾರೆ, ಸಾಮಾನ್ಯವಾಗಿ ಹತ್ತು ವರ್ಷಕ್ಕೊಮ್ಮೆ. ಆ ಊರಲ್ಲಿ ಹುಟ್ಟಿದವರು ಅಥವಾ 20 ವರ್ಷ ಬಾಳಿದವರು ಮಾತ್ರ ಪಾತ್ರ ಮಾಡಬೇಕು. ವಿಗ್ ಇಲ್ಲ, ಊರಿನವರೇ ಹಿಂದಿನ ವರ್ಷದ ಬೂದಿ ಬುಧವಾರದಿಂದ ಕೂದಲು ಬಿಡುತ್ತಾರೆ. (ಇದನ್ನು ನಮ್ಮ ಐಟಿ ಹುಡುಗರಿಗೆ ಹೇಳಿ ನೋಡಿದೆ. ಮ್ಯಾನೇಜರ್ ಒಪ್ಪಲ್ಲ ಸರ್ ಅಂದರು.) ಅಂಥ ಭಕ್ತಿಯ ನಾಟಕದಲ್ಲೇ ಯೆಹೂದಿ ಯಾಜಕರನ್ನು ಕೊಂಬಿನಂಥ ಟೋಪಿ ಹಾಕಿ ಕೇಡಿಗಳ ಹಾಗೆ ತೋರಿಸುತ್ತಿದ್ದರು. ಯೇಸು ಮತ್ತು ಶಿಷ್ಯರು ಮಾತ್ರ ಯುರೋಪಿನವರ ಹಾಗೆ. ನೋಡುವವರಿಗೆ ಯೇಸುವೂ ಯೆಹೂದಿ ಅನ್ನುವುದೇ ಮರೆತುಹೋಗುತ್ತಿತ್ತು. 1934ರಲ್ಲಿ ಹಿಟ್ಲರ್ ಆ ನಾಟಕ ನೋಡಲು ಹೋಗಿದ್ದ, ನಂತರ ಅದನ್ನು ಹೊಗಳಿದ.

ಕ್ರಿಸ್ಟಿಯನ್ ಷ್ಟೂಕ್ಲ್ 1990ರಿಂದ ಅದರ ನಿರ್ದೇಶಕರು. ಮಾತು, ವೇಷ ಎರಡನ್ನೂ ತಿದ್ದುತ್ತಾ ಬಂದರು. ಯೇಸುವಿನ ಬಾಯಲ್ಲಿ ಹೀಬ್ರೂ ಪ್ರಾರ್ಥನೆ ಬಂತು. 2022ರ ಆಟದಲ್ಲಿ ಯೂದನಾದ ಇಬ್ಬರಲ್ಲಿ ಒಬ್ಬ ಜೆಂಗಿಜ್ ಗೊರುರ್, ಟರ್ಕಿ ಮೂಲದ ಮುಸ್ಲಿಂ ಮನೆಯವನು. ಯೂದನ ಪಾತ್ರವನ್ನೇ ಅವನಿಗೆ ಕೊಟ್ಟದ್ದು ಸರಿಯಾ ಅಂತ ಮೊದಲು ಅನ್ನಿಸಿತು. ಆದರೆ ಅಲ್ಲಿ ಯೂದ ಈಗ ಕೇಡಿಯಲ್ಲ, ಮೋಸಹೋದವನು. ನಟರು ಆಸೆಪಡುವ ಪಾತ್ರ.

ಪುಟ್ಟಿ ಡಬ್ಬಿಯನ್ನು ಅವತ್ತೇ ಎಸೆದೆ. ನಮ್ಮ ಊರಲ್ಲಿ ಯೆಹೂದಿಗಳನ್ನು ಕಂಡವರೇ ಕಡಿಮೆ, ನಾನೇನು ಬೇಕಂತ ಮಾಡಿದ್ದಲ್ಲ. ಆದರೂ ಆ ಗಿಣಿ ಮೂಗು ಯೆಹೂದಿಗಳನ್ನು ಹೀಯಾಳಿಸಲು ಬಳಸುತ್ತಿದ್ದದ್ದು, ಯಾರದೋ ದ್ವೇಷವನ್ನು ನಾನು ಸುಮ್ನೆ ಕಾಪಿ ಹೊಡೆದಿದ್ದೆ.

ಮುಂದಿನ ತಪಸ್ಸು ಕಾಲಕ್ಕೆ ಪಾತ್ರ ಹಂಚುವಾಗ ನಾನು ಎಲ್ಲರಿಗೂ ಬೆನ್ನು ಹಾಕಿ ಕೂತೆ. ಒಬ್ಬೊಬ್ಬರೇ ಬಂದು ನನ್ನ ಹಿಂದೆ ನಿಂತು ನಾಲ್ಕು ಸಾಲು ಓದಬೇಕು. ಹೆಸರು ಹೇಳಬಾರದು. ಧ್ವನಿ ಕೇಳಿ ನಂಬರ್ ಬರೆದುಕೊಂಡೆ. ಯೇಸು ಅಂತ ನಾನು ಗುರುತು ಹಾಕಿದ್ದು ಕೋಲಾರ ಕಡೆಯ ಒಬ್ಬ ನರ್ಸ್ ಹುಡುಗನನ್ನು. ಮಧ್ಯಮ ಎತ್ತರ, ಮಧ್ಯಮ ಬಣ್ಣ, ಎಲ್ಲವೂ ಮಧ್ಯಮ. ಯೂದ ಅಂತ ಗುರುತು ಹಾಕಿದ ಧ್ವನಿ ಯಾರದ್ದು ಅಂತ ತಿರುಗಿ ನೋಡಿದರೆ ಮತ್ತೆ ಅದೇ ಗಾರೆ ಕೆಲಸದ ಹುಡುಗ! ನನಗೆ ಮುಜುಗರವಾಯಿತು, ಬೇರೆ ಪಾತ್ರ ಕೊಡುತ್ತೇನೆ ಅಂದೆ. “ಈ ಸಲ ನನ್ನ ಮುಖ ನೋಡಿ ಕೊಟ್ಟಿಲ್ಲ ಅಲ್ವಾ ಸರ್? ಹಂಗಾದ್ರೆ ಮಾಡ್ತೀನಿ ಬಿಡಿ” ಅಂದ.

ನಾನು ಬುದ್ಧಿವಂತನಾದೆ ಅಂದುಕೊಳ್ಳುವಷ್ಟರಲ್ಲಿ ಇನ್ನೊಬ್ಬ ಪಾಠ ಹೇಳಿದ. ಉತ್ತರ ಕನ್ನಡದ ಹಳಿಯಾಳ ಕಡೆಯಿಂದ ಕೆಲಸಕ್ಕೆ ಬಂದಿದ್ದ ಸಿದ್ದಿ ಹುಡುಗ ಅವನು. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ಮಕ್ಕಳು ಸಿದ್ದಿಗಳು. ಹಳಿಯಾಳ, ಯಲ್ಲಾಪುರ, ಮುಂಡಗೋಡಿನಲ್ಲಿದ್ದಾರೆ, ಅವರಲ್ಲಿ ಕ್ರೈಸ್ತರೂ ಇದ್ದಾರೆ. ಓದುವಿಕೆ ಮುಗಿದ ಮೇಲೆ ತಡವಾಗಿ ಬಂದ. ನೋಡಿದ ತಕ್ಷಣ ಶಿಲುಬೆ ಹೊರಲು ನೆರವಾದ ಸಿರೇನೆಯ ಸಿಮೋನನ ಪಾತ್ರ ಕೊಟ್ಟೆ. ಸಿರೇನೆ ಈಗಿನ ಲಿಬಿಯಾದಲ್ಲಿದೆ, 1965ರ ಹಾಲಿವುಡ್ ಚಿತ್ರದಲ್ಲಿ ಸಿಡ್ನಿ ಪೊಯ್ಟಿಯರ್ ಮಾಡಿದ ಪಾತ್ರ ಕಣಪ್ಪ ಅಂತ ಹೆಮ್ಮೆಯಿಂದ ವಿವರಿಸಿದೆ. ಅವನು ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಕೇಳಿದ: “ಎಲ್ಲರ ಧ್ವನಿ ಕೇಳಿದ್ರಂತಲ್ರೀ ಸರ್. ನನ್ನದು ಯಾಕ ಕೇಳಲಿಲ್ಲ?”

ಮನೆಗೆ ಹೋಗಿ ಓದಿದರೆ ಸಿರೇನೆಯಲ್ಲಿ ಆಗ ದೊಡ್ಡ ಯೆಹೂದಿ ಸಮುದಾಯವೇ ಇತ್ತು. ಸಿಮೋನ ಅನ್ನುವುದು ಅಪ್ಪಟ ಯೆಹೂದಿ ಹೆಸರು. ನಿಖರತೆ ಅಂತ ನಾನು ಅಂದುಕೊಂಡದ್ದು ನನ್ನ ಊಹೆ ಅಷ್ಟೇ. ಮಾರನೇ ದಿನ ಬೆನ್ನು ಹಾಕಿ ಕೂತು ಅವನ ಧ್ವನಿ ಕೇಳಿದೆ. ಪೇತ್ರನ ಪಾತ್ರ ಕೊಟ್ಟೆ.

ಯೇಸುವನ್ನು ಹಿಡಿದ ರಾತ್ರಿ ಶಿಷ್ಯ ಪೇತ್ರ ಹೆದರಿ, ಕೋಳಿ ಕೂಗುವ ಮುಂಚೆ ಮೂರು ಸಲ ಅವನು ಗೊತ್ತೇ ಇಲ್ಲ ಅನ್ನುತ್ತಾನೆ. ಕಾಯಫನ ಅಂಗಳದಲ್ಲಿ ಜನ ಕೊನೆಗೆ ಪೇತ್ರನನ್ನು ಗುರುತಿಸಿದ್ದು ಮಾತಿನಿಂದ. ಗಲಿಲೇಯದವರ ಮಾತಿನ ಧಾಟಿಯೇ ಬೇರೆ. ಹಾಗಾಗಿ ಶಿಷ್ಯರೆಲ್ಲರಿಗೂ ಆ ಹುಡುಗನ ಕಡೆಯ ಕನ್ನಡ ಕಲಿಸಿದೆವು, ಅವನೇ ಮೇಷ್ಟ್ರು. ಯಾಜಕರಿಗೆ ಪಠ್ಯಪುಸ್ತಕದ ಕನ್ನಡ. “ಆ ಮನಷ್ಯಾ ಯಾರಂತ ನನಗ ಗೊತ್ತಿಲ್ಲ” ಅಂತ ಅವನು ಮೂರನೇ ಸಲ ಕಿರುಚಿದಾಗ ಕೆಲಸದಾಕೆ ಹೇಳುತ್ತಾಳೆ: “ನೀನೂ ಅವರೋನೇ. ನಿನ್ನ ಮಾತೇ ಹೇಳ್ತಿದೆ.” ಆಮೇಲೆ ಕೋಳಿ ಕೂಗುತ್ತದೆ.

ನೀವು ಕೇಳಬಹುದು, ಒಂದೇ ಜನ ಅನ್ನಿಸಬೇಕು ಅಂದವನು ಸಿದ್ದಿ ಹುಡುಗನನ್ನು ಪೇತ್ರ ಮಾಡಿದ್ದು ಹೇಗೆ ಸರಿ ಅಂತ. ಕೋಲಾರದವನೂ ಗಲಿಲೇಯದವನಲ್ಲವಲ್ಲ! ಹಾಲಿವುಡ್ಡಿಗೆ ಈ ಪ್ರಶ್ನೆ ಬೇರೆ ಥರ. ಅವರಿಗೆ ಆ ಸೀಮೆಯ ನಟರು ಸಿಗುತ್ತಾರೆ. ಆದರೂ 2004ರ ಚಿತ್ರದಲ್ಲಿ ಯೇಸುವಾದ ಅಮೆರಿಕದ ಜಿಮ್ ಕವೀಜಲ್ ಅವರ ನೀಲಿ ಕಣ್ಣನ್ನು ಕಂಪ್ಯೂಟರಿನಲ್ಲಿ ಕಂದು ಮಾಡಿಕೊಂಡರು. ನಮ್ಮ ಅಂಗಳದಲ್ಲಿ ಎಲ್ಲರೂ ಬದಲಿ ಆಟಗಾರರೇ. ಬಣ್ಣ ನೋಡಿ ಒಳ್ಳೆಯವರು ಕೆಟ್ಟವರು ಅಂತ ವಿಂಗಡಿಸದೆ ಇರುವುದು ಮಾತ್ರ ನನ್ನ ಕೈಯಲ್ಲಿದೆ.

ವೇಷ ಸುಲಭವಾಯಿತು. ಖಾದಿ ಬಟ್ಟೆ ತಂದು ಟೀ ಡಿಕಾಕ್ಷನ್‌ನಲ್ಲಿ ಅದ್ದಿದೆವು, ಯೇಸುವಿಗೂ ಅದೇ. ಪ್ಯಾನ್‌ಕೇಕ್ ನಿಲ್ಲಿಸಿದೆ, ಬೆವರು ಒರೆಸಿ ಸ್ವಲ್ಪ ಪೌಡರ್ ಅಷ್ಟೇ. ರೋಮಿನ ರಾಜ್ಯಪಾಲ ಪಿಲಾತನ ಸೈನಿಕರೂ ಹೆಚ್ಚಿನವರು ಆ ಸೀಮೆಯಲ್ಲೇ ಸೇರಿಸಿಕೊಂಡವರು, ಹಾಗಾಗಿ ಅವರನ್ನು ರೋಮಿನವರಂತೆ ತೋರಿಸುವ ಹಟ ಬಿಟ್ಟೆ. ಪಿಲಾತನಿಗೆ ಮಾತ್ರ ನುಣ್ಣಗೆ ಶೇವ್. ದೂರ ಕೂತವರಿಗೆ ಯೇಸು ಯಾರು ಅಂತ ಗೊತ್ತಾಗಬೇಕಲ್ಲ? ಉಳಿದವರ ನಡಿಗೆಯಿಂದ ತೋರಿಸಿದೆ. ಅವನು ನಿಂತರೆ ಎಲ್ಲರೂ ನಿಲ್ಲುತ್ತಾರೆ. ಅವನು ಬಾಯಿ ತೆರೆಯುವ ಮುಂಚೆ ಎಲ್ಲರ ತಲೆ ಅತ್ತ ತಿರುಗುತ್ತದೆ.

ಬಣ್ಣದ ಬಗ್ಗೆ ಜಗಳ ಆಗುತ್ತದೆ ಅಂದುಕೊಂಡಿದ್ದೆ. ದೇಣಿಗೆ ಕೊಡುವ ಹಿರಿಯರೊಬ್ಬರು “ಯೇಸುವನ್ನು ನೋಡಿದ್ರೆ ಭಕ್ತಿ ಬರಬೇಕಪ್ಪ” ಅಂದರು. ಫಾದರ್ ನನ್ನ ಪರ ನಿಂತರು: “ಶಿವಾಜಿನಗರದ ಮಾತೆಗೆ ಸೀರೆ ಉಡಿಸ್ತೀವಿ, ಆಗ ಭಕ್ತಿ ಕಡಿಮೆ ಆಯ್ತಾ?” ಅಲ್ಲಿಗೆ ಆ ಮಾತು ನಿಂತಿತು. ನಿಜವಾದ ಜಗಳ ಎದ್ದದ್ದು ಕೂದಲಿಗೆ! ಗಂಡಸಿಗೆ ಉದ್ದ ಕೂದಲು ಅವಮಾನ ಅಂತ ಸಂತ ಪೌಲನೇ ಕೊರಿಂಥದವರಿಗೆ ಬರೆದಿದ್ದಾನೆ. ಸಿರಿಯಾದ ದುರಾ ಯೂರೋಪೋಸ್‌ನಲ್ಲಿ ಸಿಕ್ಕ ಮೂರನೇ ಶತಮಾನದ ಗೋಡೆಚಿತ್ರದಲ್ಲಿ ಯೇಸುವಿಗೆ ಗಿಡ್ಡ ಕೂದಲು, ಗಡ್ಡವೇ ಇಲ್ಲ. ಇಷ್ಟು ಆಧಾರ ಹಿಡಿದು ವಿಗ್ ತೆಗೆದೆ. “ಯೇಸು ಪೊಲೀಸ್ ಟ್ರೈನಿಂಗ್ ಮುಗಿಸಿ ಬಂದ ಹಾಗಿದ್ದಾನೆ” ಅಂದರು ಅಜ್ಜಿಯರು. ಎರಡು ವರ್ಷ ಹೋರಾಡಿ ಸೋತೆ. ಈಗ ಕತ್ತಿನವರೆಗಿನ ಕೂದಲಿಗೆ ರಾಜಿಯಾಗಿದ್ದೇವೆ, ಎಲ್ಲ ಶಿಷ್ಯರಿಗೂ ಅದೇ ವಿಗ್.

ಹೋದ ಸಲ ಗರಿಗಳ ಭಾನುವಾರ ಸಂಜೆ ತಾಲೀಮು. ತೋಟದ ದೃಶ್ಯ, ಬೆಳಕು ಕಡಿಮೆ. ಹೊಸದಾಗಿ ಸೇರಿದ ಸೈನಿಕನೊಬ್ಬ ಅವಸರ ಮಾಡಿ ನುಗ್ಗಿ ಒಬ್ಬನ ಕತ್ತಿನ ಪಟ್ಟಿ ಹಿಡಿದ. ನೋಡಿದರೆ ಯೇಸುವಲ್ಲ, ಶಿಷ್ಯ ಅಂದ್ರೆಯ! ಹಿಂದಿನಿಂದ ಯೂದ ಕೂಗಿದ: “ಲೋ, ಅವನಲ್ಲ ಕಣೋ! ನಾನಿನ್ನೂ ಮುತ್ತೇ ಕೊಟ್ಟಿಲ್ಲ.” ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೈನಿಕ ಸಾರಿ ಸರ್ ಅಂದ. ಸಾರಿ ಬೇಡ, ಶುಕ್ರವಾರವೂ ಹಾಗೇ ಮಾಡು ಅಂದೆ.

ಶುಕ್ರವಾರ ರಾತ್ರಿ ಅವನು ಅಂದ್ರೆಯನ ಪಟ್ಟಿ ಹಿಡಿದು ಮುಖಕ್ಕೆ ದೀಪ ಹಿಡಿದ. ಅಂಗಳದಲ್ಲಿ ಒಬ್ಬರೂ ನಗಲಿಲ್ಲ. ಆಮೇಲೆ ಯೂದ ಮೆಲ್ಲಗೆ ಮುಂದೆ ಬಂದ.